ನಿಸ್ತಂತು ವಾರ್ತೆಯೂ ಅರ್ಥಾಪತ್ತಿಯೂ

ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ, ಆದರೂ ಪುಷ್ಟನಾಗಿದ್ದಾನೆ, ಆದುದರಿಂದ ರಾತ್ರಿ ಉಣ್ಣುತ್ತಿರಬೇಕು. ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ಮೀಮಾಂಸಕರು ಕೊಡುವ ಈ ಉದಾಹರಣೆಯು ವಿದ್ವಾಂಸರಿಗೆ ಸುಪರಿಚಿತವಾದುದು. ಕಂಡ ಸಂಗತಿಯು ಬೇರೆ ವಿಧದಿಂದ ಉಪಪನ್ನವಾಗದಿದ್ದಾಗ ಕಾಣದುದೊಂದನ್ನು ಕಲ್ಪಿಸಲೇಬೇಕಾಗುತ್ತದೆ. ಭೌತಶಾಸ್ತ್ರದಲ್ಲಿ ಈ ಬಗೆಯ ವಿಚಾರಕ್ಕೆ ನಿಸ್ತಂತು ವಾರ್ತೆಯ ಇತಿಹಾಸವು ಒಳ್ಳೆಯ ನಿದರ್ಶನ.

1901ನೆಯ ಡಿಸೆಂಬರ್ 12ರಂದು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಸುಮಾರು 3400 ಕಿಲೋಮೀಟರು ದೂರದ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದುದಾಗಿ ಮಾರ್ಕೋನಿಯು ಸಾರಿದನು. ಆ ಶ್ರವಣವನ್ನು ಸಂದೇಹಿಸುವವರು ಇಂದಿಗೂ ಉಂಟು. ಆದರೆ ಮರುವರ್ಷ ಹಡಗಿನಲ್ಲಿ ನಡೆದ ಪ್ರಯೋಗದಲ್ಲಿ ದೂರದ ಸಂಕೇತಗಳು ಯಂತ್ರದಲ್ಲಿಯೇ ದಾಖಲಾದುವು. ಹಗಲಿಗಿಂತ ರಾತ್ರಿಯಲ್ಲಿ ಬಹುದೂರ ಮುಟ್ಟಿದುವು. ವಿದ್ಯುತ್ಕಾಂತ ತರಂಗವು ಬೆಳಕಿನಂತೆ ನೇರವಾಗಿ ಸಾಗತಕ್ಕುದು, ಭೂಮಿಯಾದರೋ ದುಂಡಗಿದೆ. ನಡುವಣ ಉಬ್ಬನ್ನು ಸಂಕೇತವು ದಾಟಿದುದು ಹೇಗೆ?

ಮೇಲಣ ವಾಯುಮಂಡಲದಲ್ಲಿ ವಿದ್ಯುದ್ವಾಹಕವಾದ ಸ್ತರವೊಂದಿರಬೇಕೆಂದು 1902ರಲ್ಲಿ ಅಮೆರಿಕದ ಕೆನೆಲಿಯೂ ಇಂಗ್ಲೆಂಡಿನ ಹೆವಿಸೈಡನೂ ಪ್ರತ್ಯೇಕವಾಗಿ ಸೂಚಿಸಿದರು. ಆದರೆ ಅರ್ಥಾಪತ್ತಿಯು ನಿಲ್ಲಬೇಕಾದರೆ ಅನ್ಯಥೋಪಪತ್ತಿಗೆ ಎಡೆಯಿರಕೂಡದು. ಬೆಳಕು ವಸ್ತುವಿನ ಅಂಚಿನಲ್ಲಿ ತುಸು ಬಾಗುವಂತೆ ಈ ತರಂಗವೂ ಭೂಮಿಯ ಮೈಯನ್ನನುಸರಿಸಿ ಬಾಗಬಹುದಲ್ಲವೆ? ರ‍್ಯಾಲಿ, ಪಾಯಿನ್‌ಕರೆ ಮೊದಲಾದವರು ಇದನ್ನು ಗಣಿಸಿದರು. ಗಣಿತಜ್ಞರ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. 1918ರಲ್ಲಿ ಜಿ. ಎನ್. ವಾಟ್ಸನ್ನನು, ಕೇವಲ ಬಾಗುವಿಕೆಯಿಂದ ಅಷ್ಟು ಶಕ್ತಿಯು ಅಷ್ಟು ದೂರ ಮುಟ್ಟಲಾರದೆಂದು ಲೆಕ್ಕದಿಂದ ಸಾಧಿಸಿದನು. ಮರುವರ್ಷ, 100 ಕಿಲೋಮೀಟರು ಎತ್ತರದಲ್ಲಿ ವಾಹಕಸ್ತರವುಂಟೆಂದು ಭಾವಿಸಿ ಲೆಕ್ಕಹಾಕಲು, ಫಲವು ಅನುಭವಕ್ಕೆ ಹೊಂದಿತು.

ಈ ಸ್ತರವು ಕನ್ನಡಿಯಂತಹ ಘನವಸ್ತುವಲ್ಲ. ಬಹು ವಿರಳವಾದ ಅನಿಲ. ಸೂರ್ಯನ ಅತಿನೇರಳೆ ಕಿರಣಗಳೂ ಎಕ್ಸ್ ಕಿರಣಗಳೂ ಅದರಲ್ಲಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ತರಂಗವು ಇವನ್ನು ತೂಗಾಡಿಸುತ್ತ ಸಾಗುವಾಗ, ಅದರ ಮುಖದ ಮೇಲಣ ಭಾಗವು ಕೆಳಗಣ ಭಾಗಕ್ಕಿಂತ ಬೇಗನೆ ಮುಂದುವರಿಯುತ್ತದೆ. ಹೀಗೆ ಬಾಗಿ ಬಾಗಿ ತರಂಗವು ನೆಲಕ್ಕೆ ಮರಳುತ್ತದೆ. ಹಗಲಿನಲ್ಲಿ ಕೆಳಗಣ ದಟ್ಟವಾದ ಗಾಳಿಯಲ್ಲಿಯೂ ಎಲೆಕ್ಟ್ರಾನುಗಳು ಹುಟ್ಟಿ, ಅಣುಗಳಿಗೆ ತಾಗಿ, ತರಂಗದ ಶಕ್ತಿಯನ್ನು ಕಳೆಯುತ್ತವೆ. ಇರುಳಿನಲ್ಲಿ ಈ ಅಡ್ಡಿಯು ಬಹುಮಟ್ಟಿಗೆ ಅಡಗುತ್ತದೆ.

1924ರ ಡಿಸೆಂಬರಿನಲ್ಲಿ ಆಪಲ್ಟನ್ನನೂ ಬಾರ್ನೆಟ್ಟನೂ ಬೋರ್ನ್‌ಮತ್ತಿನ ಪ್ರಸಾರಕೇಂದ್ರದ ತರಂಗದೈರ್ಘ್ಯವನ್ನು ಮೆಲ್ಲನೆ ಬದಲಿಸಿಸಿ, ಆಕ್ಸ್‌ಫರ್ಡಿನಲ್ಲಿ ಸಂಕೇತದ ಏರಿಳಿತಗಳನ್ನು ಎಣಿಸಿದರು. ನೆಲದ ಮೇಲೆ ಬಂದ ತರಂಗವೂ ಮೇಲಿನಿಂದ ಮರಳಿದ ತರಂಗವೂ ಕೂಡುವುದರಿಂದ ಈ ಏರಿಳಿತಗಳುಂಟಾಗುತ್ತವೆ. ಅವುಗಳ ಸಂಖ್ಯೆಯಿಂದ ಸ್ತರದ ಎತ್ತರವು 100 ಕಿಲೋಮೀಟರಿಗೆ ಸಮೀಪವೆಂದು ದೊರೆಯಿತು. ಮೇಲಣ ವಾಯುಮಂಡಲದ ಸಂಶೋಧನೆಗಾಗಿ ಆಪಲ್ಟನ್ನನಿಗೆ 1947ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕಲ್ಪಿತವಾದ ಸ್ತರವು ಅಳತೆಗೆ ಸಿಕ್ಕಲು 22 ವರ್ಷಗಳು ಬೇಕಾದುವು. ನಡುವೆ ವಾಟ್ಸನ್ನನ ಲೆಕ್ಕವು ಕೊಟ್ಟ ಮೊದಲ ಉತ್ತರವು ನಿಷೇಧರೂಪವಾದುದು. ಆದರೆ ಆ ನಿಷೇಧವೇ ಅನ್ಯಮಾರ್ಗವನ್ನು ಮುಚ್ಚಿ, ಊಹೆಯನ್ನು ಪ್ರಮಾಣದ ಪದವಿಗೆ ಏರಿಸಿತು.