ಅರವತ್ತರ ಅರಳು: ಸೊಲ್ಲಾಪುರದ ಬೇಂದ್ರೆ

ಕ್ಯಾಂಟನೀಸ್ ಮಾತಾಡುವವರು ಹೊಸ ವರ್ಷಕ್ಕೆ ಹಿರಿಯರಿಗೆ 'ಲುಂಗ್ ಮಾ ಜಿಂಗ್ ಸಾನ್' ಅಂತ ಹಾರೈಸ್ತಾರೆ: ಡ್ರ್ಯಾಗನ್-ಕುದುರೆಯ ಹುರುಪು ಇರಲಿ ಅಂತ. ನಮ್ಮಲ್ಲಿ ಇಳಿವಯಸ್ಸಿಗೆ ಸಿಕ್ಕ ಮಾತು ಯಾವುದು? 'ಅರವತ್ತಕ್ಕೆ ಅರಳುಮರಳು.' ಬುದ್ಧಿ ಮಂಕಾಯಿತೆಂಬ ಗೇಲಿ. ಅಕ್ಕಲಕೋಟದಲ್ಲಿ ನಮ್ಮಜ್ಜಿ ಚಾಳೀಸು ಎಲ್ಲಿಟ್ಟೆನೆಂದು ಮರೆತರೆ ತನಗೆ ತಾನೇ ಹೀಗಂದುಕೊಳ್ಳುತ್ತಾಳೆ.

ಈ ಗೇಲಿಯನ್ನು ತಿರುಗಿಸಿದವರು ದ.ರಾ. ಬೇಂದ್ರೆ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಹುಟ್ಟಿದ್ದು 1896, ಅಂದ್ರೆ ಅರವತ್ತು ತುಂಬಿದ್ದು ಆ ನೌಕರಿಯ ಕೊನೇ ವರ್ಷ. ಆ ಹೊತ್ತಿನ ಸಂಕಲನಕ್ಕೆ ಹೆಸರು 'ಅರಳು ಮರಳು'. ಒಂದು ಪದವನ್ನು ಎರಡಾಗಿ ಬಿಡಿಸಿದರು, ಅಷ್ಟೇ. ಅರಳುವುದು ಹೂವಿನ ಕೆಲಸ. ಮರಳುವುದೆಂದರೆ ತಿರುಗಿ ಬರುವುದು. ಮರಳಿ ಅರಳು! 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ನಾಕು ತಂತಿ' ಇನ್ನೂ ಆಮೇಲಿನದು, 1964ರದ್ದು.

ಮೊದಲ ಕರಡಿನಲ್ಲಿ ನಾನು ಇದನ್ನು ಬರೀ ಶ್ಲೇಷೆ ಅಂತ ಬರೆದಿದ್ದೆ. ತಪ್ಪು. ಗಾದೆಯ ಅರ್ಥ ಅಳಿಸಿಹೋಗಿಲ್ಲ. ಡ್ರ್ಯಾಗನ್-ಕುದುರೆಯಲ್ಲಿ ಮರೆವಿಗೆ ಜಾಗವಿಲ್ಲ. ಇಲ್ಲಿ ಮರೆವೂ ಹೂವೂ ಒಟ್ಟಿಗಿವೆ. ಅಜ್ಜಿಗೆ ಹೇಳಿದೆ. "ಹಂಗಾರ ಚಾಳೀಸ ಹುಡುಕಿಕೊಡು, ಓದತೀನಿ" ಅಂದಳು.