ಒಂದು ವ್ಯಾಧಿಗೆ ಹೆದರಿ, ಇನ್ನೊಂದನ್ನು ಮರೆತಾಗ

ಒಂದು ವ್ಯಾಧಿಗೆ ಹೆದರಿ ಬಾಗಿಲು ಮುಚ್ಚಿದರೆ ಮತ್ತೊಂದು ವ್ಯಾಧಿಯೇನೂ ಹೊರಗೆ ಕಾಯುತ್ತ ಕೂಡುವುದಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಜಗದ್ವ್ಯಾಪಿ ಮಹಾಮಾರಿಯೆಂದು ಸಾರಿದೊಡನೆ ಅಮೆರಿಕದ ಅನೇಕ ಕ್ಯಾನ್ಸರ್ ಸಂಶೋಧನಾಲಯಗಳಿಗೆ ಬೀಗ ಬಿದ್ದಿತು. ಹೊಸ ಔಷಧಗಳ ಪರೀಕ್ಷೆಗೆ ರೋಗಿಗಳನ್ನು ಸೇರಿಸಿಕೊಳ್ಳುವ ಕಾರ್ಯವೂ ಹಲವೆಡೆ ಸ್ಥಗಿತವಾಯಿತು.

ತಿಳಿದ ಮದ್ದೆಲ್ಲ ಸೋತ ಮೇಲೆ ಎಷ್ಟೋ ರೋಗಿಗಳಿಗೆ ಉಳಿಯುವ ಕಡೆಯ ಆಸೆಯೆಂದರೆ ಇಂತಹ ಪರೀಕ್ಷೆಗಳೇ. ಅವುಗಳ ಕಟ್ಟುಪಾಡು ಬಲು ಬಿಗಿ: ಗೊತ್ತಾದ ದಿನ, ಗೊತ್ತಾದ ಆಸ್ಪತ್ರೆಗೇ ರೋಗಿಯು ಬರಬೇಕು. ಆದರೆ ದೇಹಶಕ್ತಿ ಕುಗ್ಗಿದವನಿಗೆ ಆಸ್ಪತ್ರೆಯ ಹಾದಿಯೇ ಅಪಾಯವಾದರೆ ಗತಿಯೇನು? ಅದೇ ತಿಂಗಳು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಬಿಗಿಯನ್ನು ಸಡಿಲಿಸಿತು. ಪರೀಕ್ಷೆಯ ಗುಳಿಗೆಗಳನ್ನು ಮನೆಗೇ ರವಾನಿಸಲು, ಕ್ಷೇಮಸಮಾಚಾರವನ್ನು ದೂರವಾಣಿಯಲ್ಲಿ ವಿಚಾರಿಸಲು ಅನುಮತಿ ದೊರೆಯಿತು.

ತಡವಾಗಿ ಪತ್ತೆಯಾದ ರೋಗಕ್ಕೆ ಮಾತ್ರ ಅಂತಹ ಸುಲಭೋಪಾಯವಿರಲಿಲ್ಲ. ತಪಾಸಣೆ, ಚಿಕಿತ್ಸೆಗಳು ತಡವಾದುದರ ಫಲವಾಗಿ ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರುಗಳಿಂದಲೇ ಹತ್ತು ವರ್ಷಗಳಲ್ಲಿ ಸುಮಾರು 10,000 ಅಮೆರಿಕನ್ನರು ಹೆಚ್ಚಾಗಿ ಸಾಯಬಹುದೆಂಬ ಅಂದಾಜನ್ನು ಆ ಸಂಸ್ಥೆಯ ಅಂದಿನ ನಿರ್ದೇಶಕ ಡಾ|| ನಾರ್ಮನ್ ಶಾರ್ಪ್‌ಲೆಸ್ 2020ರ ಜೂನ್‌ನಲ್ಲಿ ಮುಂದಿಟ್ಟರು.

ಇನ್ನೊಂದು ವಿಚಿತ್ರವನ್ನೂ ವಾಚಕರು ನೆನೆಯಬೇಕು. ಜರ್ಮನಿಯ ಮೈಂಟ್ಸ್ ನಗರದಲ್ಲಿ ಉಗುರ್ ಶಾಹಿನ್, ಓಜ್ಲೆಮ್ ತ್ಯುರೆಜಿ ದಂಪತಿಗಳು ಇತರರೊಡನೆ 2008ರಲ್ಲಿ ಬಯೋಎನ್‌ಟೆಕ್ ಸಂಸ್ಥೆಯನ್ನು ಸ್ಥಾಪಿಸಿದ್ದು ಕ್ಯಾನ್ಸರನ್ನು ಗೆಲ್ಲುವುದಕ್ಕಾಗಿ. ಅಲ್ಲಿ ಪಳಗಿದ ಎಂಆರ್‌ಎನ್‌ಎ ವಿದ್ಯೆಯೇ 2020ರಲ್ಲಿ ಕೋವಿಡ್ ಲಸಿಕೆಯಾಗಿ ಕೋಟ್ಯಂತರ ಜನರನ್ನು ಕಾಯಿತು. ಲಸಿಕೆಯಿಂದ ಬಂದ ಹಣವೂ ಅನುಭವವೂ ಮರಳಿ ಕ್ಯಾನ್ಸರ್ ಪರೀಕ್ಷೆಗಳಿಗೆ ಹರಿದಿವೆ. ಕ್ಯಾನ್ಸರ್ ರೋಗಿಗಳಿಗೆ ಸಲ್ಲಬೇಕಾದ ಋಣ ಹೀಗಾದರೂ ತೀರಲಿ.