ಎರಡು ಸಾವಿರದ ಟ್ರ್ಯಾಕ್ಟರಿಗೆ ಮೂರು ಸಾವಿರದ ಬಿಲ್ಲು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ಗೆ ಒಂದು ಟ್ರ್ಯಾಕ್ಟರ್ ಬಂತು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಕೆಂಪು ಬಣ್ಣ, ಬಣ್ಣ ಅರ್ಧ ಉದುರಿದೆ. 1954ರಲ್ಲಿ ಲಂಡನ್ನಿನ ಲೆಸ್ನಿ ಕಂಪನಿ 'ಮ್ಯಾಚ್‌ಬಾಕ್ಸ್' ಹೆಸರಲ್ಲಿ ತಂದ ಮ್ಯಾಸಿ ಹ್ಯಾರಿಸ್ ಟ್ರ್ಯಾಕ್ಟರ್ ಆಟಿಕೆ ಅದು. ತರಿಸಿದವನು ಗಂಗಾವತಿ ಕಡೆಯ ನಮ್ಮ ಗೆಳೆಯ. ಅವರ ಅಜ್ಜ ಗದ್ದೆಯಲ್ಲಿ ಮೊದಲು ಓಡಿಸಿದ್ದು ಮ್ಯಾಸಿ ಟ್ರ್ಯಾಕ್ಟರ್ ಅಂತೆ. ಅಜ್ಜನ ಕೈಗೆ ಇದನ್ನು ಕೊಡಬೇಕು ಅನ್ನೋದು ಇವನ ಆಸೆ.

ಆಟಿಕೆಯ ಬೆಲೆ 2,000 ರೂಪಾಯಿ. ವಿದೇಶದಿಂದ ಕಳಿಸುವ ಖರ್ಚು 1,500. ಇಷ್ಟನ್ನು ಎರಡು ತಿಂಗಳ ಖರ್ಚು ಹಿಡಿದು ಕೂಡಿಸಿದ್ದ. ಆಮೇಲೆ ಕೊರಿಯರ್‌ನವರಿಂದ ಮೆಸೇಜ್ ಬಂತು: ಕಸ್ಟಮ್ಸ್ ಬಾಬತ್ತು 3,337 ರೂಪಾಯಿ 50 ಪೈಸೆ ಕಟ್ಟಿದರೆ ಪಾರ್ಸೆಲ್ ಸಿಗುತ್ತದೆ.

"ಏನಲೇ ಇದು, ಟ್ರ್ಯಾಕ್ಟರ್ ರೇಟಿಗಿಂತ ಟ್ಯಾಕ್ಸ್ ಜಾಸ್ತಿ ಐತಲ್ಲ!" ಅಂದ ಕುಷ್ಟಗಿಯವನು. "ಮೋಸ ಇರಬೇಕು, ಕಟ್ಟಬ್ಯಾಡ" ಅಂದ ಯಲಬುರ್ಗಾದವನು. ಆದರೆ ಮೋಸ ಅಲ್ಲ. ನಾವು ನಾಲ್ಕು ಜನ ಒಂದು ರಾತ್ರಿ ಕೂತು ಆ ಬಿಲ್ಲನ್ನು ಬಿಡಿಸಿ ನೋಡಿದೆವು. ಹಳೆ ಆಟಿಕೆ, ಹಳೆ ಕಾಮಿಕ್ಸ್, ಮಾಡೆಲ್ ಕಾರು ಅಂತ ಆಸೆ ಇರುವವರು ನಮ್ಮ ಕ್ಯಾಂಪಸ್ಸಿನಲ್ಲಿ ಬಹಳ ಜನ ಇದ್ದಾರೆ. ಹಂಗಾಗಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬಿಲ್ಲಿನ ಒಳಗೆ ಏನಿದೆ?

ಹೊರದೇಶದಿಂದ ಬಂದ ವಸ್ತುವಿಗೆ ಮೊದಲು ಬೀಳುವುದು ಮೂಲ ಕಸ್ಟಮ್ಸ್ ಸುಂಕ. ಆಟಿಕೆಗಳ ಶಿರೋನಾಮೆ ಸಂಖ್ಯೆ 9503. 2020ರ ಬಜೆಟ್‌ಗೆ ಮುಂಚೆ ಇದರ ಸುಂಕ ಶೇ. 20 ಇತ್ತು. ಆ ವರ್ಷ ಒಂದೇ ಸಲಕ್ಕೆ ಶೇ. 60 ಆಯಿತು. 2023ರ ಬಜೆಟ್‌ನಲ್ಲಿ ಶೇ. 70ಕ್ಕೆ ಏರಿತು.

ಎರಡನೆಯದು ಐಜಿಎಸ್‌ಟಿ. ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗೆ ಇದು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ಇದನ್ನು ಬರೀ ಆಟಿಕೆಯ ಬೆಲೆಗೆ ಹಾಕುವುದಿಲ್ಲ, ಬೆಲೆಗೆ ಸುಂಕವನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ ತೆರಿಗೆಯ ಮೇಲೆ ತೆರಿಗೆ.

ಮೂರನೆಯದು ಸರ್ಕಾರದ್ದಲ್ಲ, ಕೊರಿಯರ್ ಕಂಪನಿಯದು. ನಿಮ್ಮ ಪರವಾಗಿ ಅವರು ಮೊದಲು ಸುಂಕ ಕಟ್ಟಿ, ಕಾಗದಪತ್ರ ಮಾಡಿಸಿ, ಅದಕ್ಕೊಂದು ಶುಲ್ಕ ಹಾಕುತ್ತಾರೆ. ಆ ಶುಲ್ಕಕ್ಕೆ ಮತ್ತೆ ಶೇ. 18 ಜಿಎಸ್‌ಟಿ.

ಗೆಳೆಯನ ಬಿಲ್ಲು ಹೀಗಿತ್ತು. ಆಟಿಕೆ 2,000, ಸಾಗಣೆ 1,500, ಕೂಡಿದರೆ 3,500. ಅದರ ಶೇ. 70 ಅಂದರೆ 2,450. ಎರಡೂ ಸೇರಿ 5,950, ಅದರ ಶೇ. 5 ಅಂದರೆ 297.50. ಕೊರಿಯರ್ ಶುಲ್ಕ ಜಿಎಸ್‌ಟಿ ಸೇರಿ 590. ಒಟ್ಟು 3,337.50.

ಲೆಕ್ಕ ಸರಿ ಇದೆ ಅಂತ ನಾವು ಪುಸ್ತಕ ಮುಚ್ಚುವವರಿದ್ದೆವು. ಆಗ ಯಲಬುರ್ಗಾದವನು ಕೇಳಿದ: "ಅಲ್ಲೋ, ಸುಂಕ ಆಟಿಕಿಗೋ, ವಿಮಾನದ ಬಾಡಿಗಿಗೋ?"

ಒಳ್ಳೆ ಪ್ರಶ್ನೆ. ಕಸ್ಟಮ್ಸ್ ಕಾಯ್ದೆ 1962ರ 14ನೇ ಸೆಕ್ಷನ್ ಪ್ರಕಾರ ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ಖರ್ಚೂ ಸೇರುತ್ತದೆ. ಆದರೆ 2007ರ ಮೌಲ್ಯಮಾಪನ ನಿಯಮಗಳ 10ನೇ ನಿಯಮದಲ್ಲಿ ಒಂದು ಮಿತಿ ಇದೆ. ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ಖರ್ಚು ಎಷ್ಟೇ ಆಗಿರಲಿ, ಸರಕಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ ಶೇ. 1.125.

ಈಗ ಮತ್ತೆ ಲೆಕ್ಕ ಹಾಕಿ. ಆಟಿಕೆ 2,000, ಸಾಗಣೆ ಹೆಚ್ಚೆಂದರೆ 400, ವಿಮೆ 22.50. ಒಟ್ಟು 2,422.50. ಸುಂಕ 1,695.75. ಐಜಿಎಸ್‌ಟಿ 205.91. ಎರಡೂ ಸೇರಿ 1,901.66. ಬಿಲ್ಲಿನಲ್ಲಿ ಇದ್ದದ್ದು 2,747.50. ಗೆಳೆಯ 845 ರೂಪಾಯಿ ಹೆಚ್ಚು ಕಟ್ಟಿದ್ದ. ಮೆಸ್ಸಿನಲ್ಲಿ ಎಷ್ಟು ಊಟ ಆಗುತ್ತಿತ್ತು ಅಂತ ನೀವೇ ಲೆಕ್ಕ ಮಾಡಿ.

ಕೊರಿಯರ್‌ನವರಿಗೆ ಮೇಲ್ ಹಾಕಿದರೆ ಉತ್ತರ ಬರಲಿಲ್ಲ. ದುಡ್ಡು ಆಗಲೇ ಕಟ್ಟಿಯಾಗಿತ್ತು. ತಡ ಮಾಡಿದರೆ ಪಾರ್ಸೆಲ್ ವಾಪಸ್ ಹೋಗುತ್ತದೆ ಅನ್ನೋ ಹೆದರಿಕೆಯಲ್ಲಿ ಎಲ್ಲರೂ ಮಾಡೋದು ಇದನ್ನೇ: ಮೊದಲು ಕಟ್ಟೋದು, ಆಮೇಲೆ ಓದೋದು.

ಹಳೆ ಆಟಿಕೆಗೆ ಯಾವ ಖಾನೆ?

ಸಂಗ್ರಹಕಾರರ ಸಿಟ್ಟು ಬರೀ ಶೇ. 70ರ ಮೇಲೆ ಇಲ್ಲ. ಮುಂದಿನ ಪಾರ್ಸೆಲ್‌ಗೆ ಎಷ್ಟು ಬೀಳುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲವಲ್ಲ, ಅದೇ ದೊಡ್ಡ ತಲೆನೋವು. ಒಂದೇ ಥರದ ಎರಡು ಆಟಿಕೆ, ಇಬ್ಬರಿಗೆ ಎರಡು ಬಿಲ್ಲು. ಕಾರಣ, ಇಂಥ ವಸ್ತುವಿಗೆ ಹೊಂದುವ ಖಾನೆ ಕಾನೂನಿನಲ್ಲಿ ಇಲ್ಲ.

ಮೊದಲ ಖಾನೆ ಆಗಲೇ ಹೇಳಿದ ಆಟಿಕೆಯದು. ಇಲ್ಲಿ ಸುಂಕದ ಜೊತೆ ಇನ್ನೊಂದು ಷರತ್ತೂ ಇದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆಟಿಕೆಯ ಮೇಲೆ ಐಎಸ್‌ಐ ಗುರುತು ಇರಲೇಬೇಕು. ಆ ಗುರುತಿನ ಲೈಸೆನ್ಸ್ ಸಿಗುವುದು ತಯಾರಿಸಿದ ಕಾರ್ಖಾನೆಗೆ. ಲೆಸ್ನಿ ಕಂಪನಿ 1982ರಲ್ಲೇ ದಿವಾಳಿ ಆಯಿತು. ಅರ್ಜಿ ಹಾಕೋರು ಯಾರು?

ಎರಡನೆಯದು ಪುರಾತನ ವಸ್ತುವಿನ ಖಾನೆ, ಸಂಖ್ಯೆ 9706. ಅದಕ್ಕೆ ವಸ್ತುವಿನ ವಯಸ್ಸು 100 ವರ್ಷ ದಾಟಿರಬೇಕು. ನಮ್ಮ ಟ್ರ್ಯಾಕ್ಟರ್ 2054 ದಾಟುವ ತನಕ ಕಾಯಬೇಕು. ಇತಿಹಾಸದ ದೃಷ್ಟಿಯಿಂದ ಮಹತ್ವದ ಸಂಗ್ರಹ ವಸ್ತುಗಳಿಗೆ 9705 ಅಂತ ಇನ್ನೊಂದು ಖಾನೆ ಪಕ್ಕದಲ್ಲೇ ಇದೆ. ಆದರೆ ರಾಶಿ ರಾಶಿಯಾಗಿ ತಯಾರಾದ ಒಂದು ಆಟಿಕೆಯನ್ನು ಅದರೊಳಗೆ ಸೇರಿಸಿ ಅಂತ ಅಧಿಕಾರಿಯನ್ನು ಒಪ್ಪಿಸೋದು ಸುಲಭ ಅಲ್ಲ.

ಮೂರನೆಯದು ವೈಯಕ್ತಿಕ ಬಳಕೆಯ ಖಾನೆ, 9804. ಅಂಚೆ ಅಥವಾ ವಿಮಾನದಲ್ಲಿ ಸ್ವಂತಕ್ಕೆ ತರಿಸಿದ ವಸ್ತುಗಳಿಗೆ ಇದು. ಇದರ ದರ ಶೇ. 70ಕ್ಕಿಂತ ಬಹಳ ಕಡಿಮೆ. ಪಾರ್ಸೆಲ್ ಈ ಖಾನೆಗೆ ಬಿದ್ದರೆ ನೀವು ಪುಣ್ಯವಂತರು, 9503ಕ್ಕೆ ಬಿದ್ದರೆ ನಮ್ಮ ಗೆಳೆಯನ ಜೊತೆ ಕೂತು ಚಹಾ ಕುಡಿಯಬಹುದು. ಖಾನೆಯ ಸಂಖ್ಯೆ ಬರೆಯೋರು ಸಾಮಾನ್ಯವಾಗಿ ಕೊರಿಯರ್‌ನವರು. ತರಿಸಿದವನನ್ನು ಯಾರೂ ಕೇಳುವುದಿಲ್ಲ.

ಇದೆಲ್ಲದರ ಮೇಲೆ ಇನ್ನೊಂದು. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ, ಯಂತ್ರೋಪಕರಣದಂಥ ಬಂಡವಾಳ ಸರಕು ಬಿಟ್ಟು ಉಳಿದ ಸೆಕೆಂಡ್ ಹ್ಯಾಂಡ್ ವಸ್ತುಗಳ ಆಮದು 'ನಿರ್ಬಂಧಿತ', ಅದಕ್ಕೆ ಪರವಾನಗಿ ಬೇಕು. ಹಳೆ ಆಟಿಕೆ ಅಂದಮೇಲೆ ಅದು ಸೆಕೆಂಡ್ ಹ್ಯಾಂಡೇ. 'ಗಿಫ್ಟ್' ಅಂತ ಬರೆಸಿ ತರಿಸೋಣ ಅಂದರೆ ಆ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿತು. ಸುಂಕವಿಲ್ಲದೆ ಗಿಫ್ಟ್ ಆಗಿ ಬರಬಹುದಾದದ್ದು ಜೀವರಕ್ಷಕ ಔಷಧಿ ಮತ್ತು ರಾಖಿ ಮಾತ್ರ.

ಒಂದು ತಮಾಷೆ ಕೇಳಿ. 1960-70ರ ದಶಕಗಳಲ್ಲಿ ಇಂಗ್ಲೆಂಡಿನ ಡಿಂಕಿ ಕಾರುಗಳ ಹಳೆ ಅಚ್ಚುಗಳನ್ನು ಬಳಸಿ ನಮ್ಮ ದೇಶದಲ್ಲೇ 'ನಿಕಿ ಟಾಯ್ಸ್' ಹೆಸರಿನ ಆಟಿಕೆ ಕಾರು ಮಾಡುತ್ತಿದ್ದರು. ಇವತ್ತು ಅವಕ್ಕೆ ಹೊರದೇಶದ ಸಂಗ್ರಹಕಾರರಲ್ಲಿ ಬೇಡಿಕೆ ಇದೆ. ಅಂಥದ್ದೊಂದನ್ನು ಅಲ್ಲಿಂದ ಕೊಂಡು ತವರಿಗೆ ತಂದರೆ? ಕಸ್ಟಮ್ಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ರಫ್ತಾಗಿ ಮರಳಿ ಬಂದ ವಸ್ತುವಿಗೂ ಬೇರೆ ಆಮದಿನ ಹಾಗೆಯೇ ಸುಂಕ. ಮನೆ ಮಗಳು ತವರಿಗೆ ಬರಲು ಟಿಕೆಟ್ ಕೊಂಡ ಹಾಗೆ.

ಸುಂಕ ಏರಿದ್ದು ಯಾಕೆ? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ

ಇಷ್ಟು ಓದಿದ ಮೇಲೆ ಸರ್ಕಾರವನ್ನು ಬೈಯೋದು ಸುಲಭ. ನಾವೂ ಬೈದೆವು. ಆದರೆ ಕೊಪ್ಪಳ ಜಿಲ್ಲೆಯವರಿಗೆ ಈ ಸುಂಕದ ಇನ್ನೊಂದು ಮುಖ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಮಾಡಿದ ಪರೀಕ್ಷೆಯಲ್ಲಿ ಆಮದಾದ ಆಟಿಕೆಗಳ ಪೈಕಿ ಶೇ. 66.9 ಫೇಲ್ ಆದವು. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ವಸ್ತು ಅದು, ಸುಮ್ಮನಿರಲು ಆಗುವುದಿಲ್ಲ. ಸುಂಕ ಮತ್ತು ಐಎಸ್‌ಐ ಎರಡೂ ಬಂದಮೇಲೆ, 2018-19ರಲ್ಲಿ 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021-22ಕ್ಕೆ 11 ಕೋಟಿ ಡಾಲರ್‌ಗೆ ಇಳಿಯಿತು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಭಾನಾಪುರದಲ್ಲಿ ಏಕಸ್ ಕಂಪನಿಯ 400 ಎಕರೆ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ನಮ್ಮ ಊರುಗಳ ಹುಡುಗ ಹುಡುಗಿಯರು ಬೆಂಗಳೂರಿಗೆ ಗುಳೆ ಹೋಗದೆ ಕೆಲಸ ಮಾಡಬಹುದಾದ ಜಾಗ ಅದು. ನಮ್ಮಲ್ಲೇ ಕೆಲವರು ನಾಳೆ ಅಲ್ಲಿ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತೇವೆ.

ಇನ್ನೊಂದು ಕಡೆ ಕಿನ್ನಾಳ ಇದೆ. ಅಲ್ಲಿಯ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ವಿಜಯನಗರದ ಕಾಲಕ್ಕೆ ಹೋಗುವ ಪರಂಪರೆ ಅದು. ಕಿನ್ನಾಳದ ಗೊಂಬೆಗೆ ಐಎಸ್‌ಐ ಗುರುತು ಬೇಕಾ? ಬೇಡ. 2020ರ ತಿದ್ದುಪಡಿಯಲ್ಲಿ, ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಗೊಂಬೆಗೂ ಜಿಐ ಟ್ಯಾಗ್ ಇರುವ ಗೊಂಬೆಗಳ ಅಧಿಕೃತ ತಯಾರಕರಿಗೂ ವಿನಾಯಿತಿ ಕೊಟ್ಟರು. ಕಿನ್ನಾಳಕ್ಕೂ ಚನ್ನಪಟ್ಟಣಕ್ಕೂ ಜಿಐ ಇದೆ.

ನಮ್ಮ ವಾದ ಶುರುವಾಗೋದು ಇಲ್ಲಿಂದಲೇ. ಎಲ್ಲ ಗೊಂಬೆಯೂ ಒಂದೇ ಅಲ್ಲ ಅಂತ ಸರ್ಕಾರ ಕಿನ್ನಾಳದ ವಿಷಯದಲ್ಲಿ ಆಗಲೇ ಒಪ್ಪಿಕೊಂಡಿದೆ. ಅದೇ ಆದೇಶದ ಪ್ರಕಾರ ಆಟಿಕೆ ಅಂದರೆ 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಮಾಡಿದ ವಸ್ತು. ಎಪ್ಪತ್ತು ವರ್ಷ ಹಳೆಯ ಟ್ರ್ಯಾಕ್ಟರನ್ನು ಗಾಜಿನ ಕಪಾಟಿನಲ್ಲಿ ಇಡುವ ಅಜ್ಜ 14 ವರ್ಷದೊಳಗಿನವನಲ್ಲ. ಯುರೋಪಿನ 2009ರ ಆಟಿಕೆ ಸುರಕ್ಷತಾ ನಿಯಮದಲ್ಲಿ, 14 ದಾಟಿದ ಸಂಗ್ರಹಕಾರರಿಗೆ ಅಂತ ಸ್ಪಷ್ಟವಾಗಿ ಗುರುತು ಮಾಡಿದ ವಸ್ತುಗಳನ್ನು ಆಟಿಕೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥದ್ದೊಂದು ಖಾನೆ ನಮ್ಮಲ್ಲೂ ಬರಲಿ. ಸುಂಕ ಬೇಡ ಅಂತ ನಾವು ಹೇಳುತ್ತಿಲ್ಲ. 1954ರ ಒಂದು ಟ್ರ್ಯಾಕ್ಟರ್ ಗಂಗಾವತಿಗೆ ಬಂದರೆ ಭಾನಾಪುರದ ಕಾರ್ಖಾನೆಯ ಒಂದು ಆಟಿಕೆಯ ಮಾರಾಟವೂ ಕಡಿಮೆ ಆಗುವುದಿಲ್ಲ, ಕಿನ್ನಾಳದ ಒಂದು ಗರುಡನ ಮಾರಾಟವೂ ನಿಲ್ಲುವುದಿಲ್ಲ. ಅವರನ್ನು ಕಾಯಲು ಕಟ್ಟಿದ ಬೇಲಿಗೆ ಇವನು ಯಾಕೆ ತಾಗಬೇಕು?

ತರಿಸುವ ಮುಂಚೆ

ಖಾನೆ ಬರುವ ತನಕ ನಾವು ಮಾಡಬಹುದಾದದ್ದು ಇಷ್ಟು.

ಆರ್ಡರ್ ಮಾಡುವ ಮುಂಚೆಯೇ 9503ರ ಲೆಕ್ಕ ಹಾಕಿ ನೋಡಿ. ಅಷ್ಟು ಕಟ್ಟಲು ಮನಸ್ಸಿದ್ದರೆ ಮಾತ್ರ ಮುಂದುವರಿಯಿರಿ.

ಮಾರುವವರಿಗೆ ಇನ್‌ವಾಯ್ಸ್‌ನಲ್ಲಿ ಆಟಿಕೆಯ ಬೆಲೆ ಬೇರೆ, ಸಾಗಣೆ ಬೇರೆ ಬರೆಯಲು ಹೇಳಿ. ಎರಡೂ ಸೇರಿಸಿ ಬರೆದರೆ ಶೇ. 20ರ ಮಿತಿ ಕೇಳಲು ಆಧಾರವೇ ಇರುವುದಿಲ್ಲ. ವಸ್ತುವಿನ ವರ್ಷ, 'ಸಂಗ್ರಹಕ್ಕಾಗಿ, ಸ್ವಂತ ಬಳಕೆಗೆ' ಅನ್ನೋದೂ ಅದರಲ್ಲಿರಲಿ.

ಬೆಲೆ ಕಡಿಮೆ ಬರೆಸಬೇಡಿ. ಅಧಿಕಾರಿಗೆ ಅನುಮಾನ ಬಂದರೆ ಘೋಷಿಸಿದ ಬೆಲೆಯನ್ನು ತಳ್ಳಿಹಾಕಬಹುದು. ಸುಳ್ಳು ಸಾಬೀತಾದರೆ ದಂಡವೂ ಬೀಳುತ್ತದೆ, ವಸ್ತುವೂ ಹೋಗುತ್ತದೆ.

ಬಿಲ್ಲು ಬಂದ ದಿನವೇ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ. ಯಾವ ಶಿರೋನಾಮೆ, ಯಾವ ಬೆಲೆ ಹಿಡಿದಿದ್ದಾರೆ ಅಂತ ಅದರಲ್ಲಿ ಇರುತ್ತದೆ. ತಪ್ಪಿದ್ದರೆ ದುಡ್ಡು ಕಟ್ಟುವ ಮುಂಚೆ ಬರವಣಿಗೆಯಲ್ಲಿ ಕೇಳಿ. ಸುಂಕದ ಆದೇಶದ ಮೇಲೆ 60 ದಿನದೊಳಗೆ ಅಪೀಲು ಹಾಕಲು ಕಾಯ್ದೆಯ 128ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. 845 ರೂಪಾಯಿಗೆ ಯಾರೂ ಅಪೀಲು ಹಾಕುವುದಿಲ್ಲ, ನಿಜ. ಆದರೆ ಮೊದಲೇ ಕೇಳಲು ಒಂದು ಮೇಲ್ ಸಾಕು.

ಇನ್ನು ಹೊರದೇಶದಲ್ಲಿ ಮಾವನೋ ಅಕ್ಕನೋ ಇದ್ದರೆ, ಅವರು ಊರಿಗೆ ಬರುವಾಗ ಸೂಟ್‌ಕೇಸ್‌ನಲ್ಲಿ ಸುಂಕವಿಲ್ಲದ ಮಿತಿಯೊಳಗೆ ತರಬಹುದಾ ಅಂತ ಕೇಳಿ ನೋಡಿ. ಅಪ್ಪಟ ಸಂಗ್ರಹಕಾರರು ಜಾತ್ರೆಗಿಂತ ಹೆಚ್ಚಾಗಿ ಕಾಯೋದು ಇವರನ್ನೇ.

ಟ್ರ್ಯಾಕ್ಟರ್ ದೀಪಾವಳಿಗೆ ಗಂಗಾವತಿ ಸೇರಿತು. ಅಜ್ಜ ಕನ್ನಡಕ ಹಾಕಿಕೊಂಡು, ಗಾಲಿ ತಿರುಗಿಸಿ ನೋಡಿ, "ಸ್ಟೇರಿಂಗ್ ಹಿಂಗ ಇತ್ತು ನೋಡು" ಅಂದರಂತೆ. ಆಮೇಲೆ ಕೇಳಿದರಂತೆ, "ಎಷ್ಟ್ ಕೊಟ್ಟಿ ಇದಕ್ಕ?"

"ಎರಡ್ ಸಾವಿರ, ಅಜ್ಜ" ಅಂದ ನಮ್ಮ ಗೆಳೆಯ. ಉಳಿದದ್ದನ್ನು ಹೇಳಲಿಲ್ಲ.

ನಿಮ್ಮ ಹತ್ತಿರವೂ ಇಂಥ ಬಿಲ್ಲು ಇದ್ದರೆ ಶನಿವಾರ ಕನ್ನಡ ಸಂಘದ ಕೋಣೆಗೆ ತನ್ನಿ. ಕೂತು ಲೆಕ್ಕ ಹಾಕೋಣ.